ನಮ್ಮ ಬೀದಿಯ ವಸಂತ, ನಮ್ಮ ಮಕ್ಕಳ ಇಂಗ್ಲಿಷ್

(ಬೆಂಗಳೂರು ದಕ್ಷಿಣ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಮಾರ್ಚ್ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಕಡೆಯಿಂದ ಮನೆಕೆಲಸ, ಗಾರ್ಮೆಂಟ್ಸ್ ಕೆಲಸ, ಹೂವಿನ ವ್ಯಾಪಾರ ಎಲ್ಲವನ್ನೂ ಒಂದು ಗಂಟೆ ಬದಿಗಿಟ್ಟು ಬಂದಿದ್ದೀರಿ. ಉಳಿತಾಯ, ಸಾಲ, ಮರುಪಾವತಿ ಇವುಗಳ ಮಾತು ಪ್ರತಿ ಸಭೆಯಲ್ಲೂ ಇದ್ದದ್ದೇ. ಇವತ್ತು ಅದಕ್ಕೆ ಸಂಬಂಧಪಟ್ಟ ಇನ್ನೊಂದು ವಿಷಯ ಮಾತಾಡೋಣ ಅಂತ ನಾವು ಯೋಚಿಸಿದೆವು. ಅದು ನಮ್ಮ ಚಿಕ್ಕ ಮಕ್ಕಳ ಇಂಗ್ಲಿಷ್ ಪಾಠ.

ಇದಕ್ಕೂ ಸಾಲಕ್ಕೂ ಏನು ಸಂಬಂಧ ಅಂತ ಕೇಳಬಹುದು. ನಿಮ್ಮ ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಸಾಲ ಯಾತಕ್ಕೆ ಅನ್ನುವ ಕಡೆ ಏನು ಬರೆದಿದೆ? ಶಾಲೆಯ ಫೀಸು, ಟ್ಯೂಷನ್ ಫೀಸು. ಅದರಲ್ಲೂ "ಮಗೂಗೆ ಇಂಗ್ಲಿಷ್ ಬರಲ್ಲ, ಟ್ಯೂಷನ್‌ಗೆ ಹಾಕ್ಬೇಕು" ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ಒಂದು ಹಾಳೆಯ ಕಥೆ

ಕಳೆದ ವರ್ಷ ಫೆಬ್ರವರಿಯಲ್ಲಿ ನಮ್ಮ ಒಬ್ಬ ಸದಸ್ಯೆ ಸಭೆ ಮುಗಿದ ಮೇಲೂ ಹೊರಡದೆ ಕೂತಿದ್ದರು. ಕೈಯಲ್ಲಿ ಮಗನ ಶಾಲೆಯ ಒಂದು ಹಾಳೆ. ಒಂದನೇ ತರಗತಿಯ ಹುಡುಗ. ಆ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸ್ಪ್ರಿಂಗ್' ಅಂತ ಬರೆದಿತ್ತು. ಅದರ ಕೆಳಗೆ ಓದುವುದಕ್ಕೆ ಐದಾರು ಸಾಲು, ಆಮೇಲೆ ಬಿಟ್ಟ ಸ್ಥಳ ತುಂಬಿ ಅನ್ನುವ ವ್ಯಾಕರಣದ ಅಭ್ಯಾಸ, ಕೊನೆಗೆ ಒಂದು ಚಿತ್ರ ಬರೆಯಲು ಖಾಲಿ ಚೌಕ. ಸಾಲುಗಳಲ್ಲಿ ಇದ್ದದ್ದು ಇಷ್ಟು: ಚಳಿಗಾಲ ಮುಗಿಯಿತು, ಹಿಮ ಕರಗಿತು, ರಾಬಿನ್ ಹಕ್ಕಿ ಹಾಡಿತು, ಡ್ಯಾಫೊಡಿಲ್ ಹೂ ಅರಳಿತು.

ಹುಡುಗ ಆ ಖಾಲಿ ಚೌಕದಲ್ಲಿ ಏನು ಚಿತ್ರ ಬರೆದಿದ್ದ ಗೊತ್ತೇ? ಬಾಲ್ ಪೆನ್ನಿನ ಒಳಗೆ ಇರುತ್ತದಲ್ಲ, ಸುರುಳಿ ಸುರುಳಿಯಾದ ಸ್ಪ್ರಿಂಗು, ಅದು! ಟೀಚರ್ ಅದರ ಮೇಲೆ ಕೆಂಪು ಗೀಟು ಹಾಕಿ ಸೊನ್ನೆ ಕೊಟ್ಟಿದ್ದರು. ಮಗು ತಪ್ಪು ಮಾಡಿತೇ? ಅವನಿಗೆ ಗೊತ್ತಿದ್ದ ಸ್ಪ್ರಿಂಗ್ ಅದೊಂದೇ. ಅವನು ಹಿಮ ಕಂಡವನಲ್ಲ. ಡ್ಯಾಫೊಡಿಲ್ ಹೂವನ್ನೂ ಕಂಡವನಲ್ಲ. ನಿಜ ಹೇಳಬೇಕೆಂದರೆ ಇಂಗ್ಲಿಷಿನಲ್ಲಿ ಆ ಸುರುಳಿಗೂ ಆ ಋತುವಿಗೂ ಹೆಸರು ಒಂದೇ. ಚಿಮ್ಮುವುದು ಅನ್ನುವ ಅರ್ಥದಿಂದಲೇ ಎರಡೂ ಬಂದಿವೆ. ಸುರುಳಿ ಒತ್ತಿದರೆ ಚಿಮ್ಮುತ್ತದೆ, ವಸಂತದಲ್ಲಿ ಗಿಡದಿಂದ ಚಿಗುರು ಚಿಮ್ಮುತ್ತದೆ. ಆದರೆ ಇದನ್ನು ಆ ಮಗುವಿಗೆ ಯಾರೂ ಹೇಳಿರಲಿಲ್ಲ.

ತಾಯಿ ಹೇಳಿದ್ದು ಇಷ್ಟೇ: "ನಾನು ಓದಿರೋದು ಏಳನೇ ಕ್ಲಾಸು ಸಿಸ್ಟರ್, ಅದೂ ಕನ್ನಡ. ಇವನಿಗೆ ನಾನೇನು ಹೇಳ್ಕೊಡ್ಲಿ? ಟ್ಯೂಷನ್ನಿಗೆ ತಿಂಗಳಿಗೆ ಎಂಟುನೂರು ಕೇಳ್ತಾರೆ. ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಎಂಟು ಸಾವಿರ. ಸಂಘದಲ್ಲಿ ಸಾಲ ಕೊಡಿಸಿ." ಹೊಲಿಗೆ ಮೆಷಿನ್ನಿಗೆ ಅಂತ ಆರು ತಿಂಗಳಿಂದ ಕಾಯುತ್ತಿದ್ದ ಸಾಲದ ಸರದಿ ಅದು.

ಸಹೋದರಿಯರೇ, ಇಲ್ಲಿ ನಾವು ನಮ್ಮ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೆ ನಾವೇ ಸಂಜೆ ಹೊತ್ತು ಮಕ್ಕಳಿಗೆ ಪಾಠ ನಡೆಸುತ್ತಿದ್ದಾಗ ಇಂಥದ್ದೇ 'ಸ್ಪ್ರಿಂಗ್ ಸೀಸನ್' ಪ್ರಬಂಧವನ್ನು ಹತ್ತು ಹತ್ತು ಸಲ ಬರೆಸಿದ್ದೇವೆ. ಮಕ್ಕಳು ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ನಾವು ಸಂತೋಷಪಟ್ಟೆವು. ಒಂದು ದಿನ ಒಬ್ಬ ಹುಡುಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಹೊರಗಿನ ಮರ ತೋರಿಸಿ, "ಇದರ ಬಗ್ಗೆ ಇಂಗ್ಲಿಷಲ್ಲಿ ಒಂದು ವಾಕ್ಯ ಹೇಳು" ಅಂದೆವು. ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮೈತುಂಬ ಹೂ ಬಿಟ್ಟ ಮರ ಕಣ್ಣೆದುರೇ ಇತ್ತು. ಅವತ್ತು ನಮಗೆ ಅರ್ಥವಾಯಿತು, ನಾವು ಕಲಿಸಿದ್ದು ಇಂಗ್ಲಿಷ್ ಅಲ್ಲ, ಬರೀ ಬಾಯಿಪಾಠ.

ನಮ್ಮ ವಸಂತ ಯಾವುದು?

ಇಂಗ್ಲೆಂಡಿನ ಮಗುವಿಗೆ ಸ್ಪ್ರಿಂಗ್ ಅಂದರೆ ಏನು? ನಾಲ್ಕಾರು ತಿಂಗಳು ಚಳಿ, ಕತ್ತಲು, ಎಲೆಯಿಲ್ಲದ ಬೋಳು ಮರಗಳು. ಆಮೇಲೆ ಮಾರ್ಚ್ ತಿಂಗಳಲ್ಲಿ ಬಿಸಿಲು, ಚಿಗುರು, ಹೂವು. ಆ ಮಗು ಅದನ್ನು ಕಣ್ಣಾರೆ ನೋಡುತ್ತದೆ, ಆಮೇಲೆ ಪುಸ್ತಕದಲ್ಲಿ ಓದುತ್ತದೆ. ಅದಕ್ಕೇ ಅದಕ್ಕೆ ಸುಲಭ.

ನಮ್ಮ ಮಗುವೂ ವಸಂತವನ್ನು ನೋಡುತ್ತದೆ, ಆದರೆ ಅದು ಬೇರೆ ವಸಂತ. ಚೈತ್ರ, ವೈಶಾಖ ನಮ್ಮ ವಸಂತ ಮಾಸಗಳು. ಯುಗಾದಿ ಹೊತ್ತಿಗೆ ಬೇವು ಹೂ ಬಿಡುತ್ತದೆ, ಮಾವಿನ ಮಿಡಿ ಕಾಣುತ್ತದೆ, ಹೊಂಗೆ ಮರ ಹಳೇ ಎಲೆ ಉದುರಿಸಿ ಎಳೆ ಹಸಿರು ಚಿಗುರುತ್ತದೆ. ಬೆಳಗಿನ ಜಾವ ನೀವು ಕೆಲಸಕ್ಕೆ ಹೊರಡುವಾಗ ಕೋಗಿಲೆ ಕೂಗುವುದನ್ನು ಕೇಳಿದ್ದೀರಲ್ಲ? ಏಪ್ರಿಲ್‌ನಲ್ಲಿ ಮಾವಿನ ಮಳೆ ಬರುತ್ತದೆ, ಕೆಲವು ಸಲ ಆಲಿಕಲ್ಲೂ ಬೀಳುತ್ತದೆ. ನಮ್ಮಲ್ಲಿ ವಸಂತ ಅಂದರೆ ಚಳಿ ಹೋಗಿ ಹಿತವಾದ ಬಿಸಿಲು ಬರುವುದಲ್ಲ, ಸೆಕೆಯೂ ಜೊತೆಗೇ ಬರುತ್ತದೆ!

ಇನ್ನು ಜಯನಗರದ ರಸ್ತೆಗಳನ್ನು ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಟಬೂಬಿಯಾ ಮರ ಗುಲಾಬಿ ಬಣ್ಣದ ಹೂವಿನಿಂದ ತುಂಬಿ, ರಸ್ತೆಯ ಮೇಲೂ ಹೂವಿನ ಹಾಸು ಹಾಸುತ್ತದೆ. ಅದರ ಹಿಂದೆಯೇ ನೀಲಿ ಜಕರಂಡ. ಆಮೇಲೆ ಬಿಸಿಲು ಏರಿದ ಹಾಗೆ ಕೆಂಪು ಗುಲ್‌ಮೊಹರ್. ಮಕ್ಕಳು ಅದರ ಕಾಯಿ ಹಿಡಿದು ಕತ್ತಿವರಸೆ ಆಡುತ್ತಾರಲ್ಲ, ಅದೇ ಮರ.

ಒಂದಾದ ಮೇಲೆ ಒಂದು ಹೀಗೆ ಅರಳುವುದರ ಹಿಂದೆ ಮನುಷ್ಯರ ಯೋಚನೆಯೂ ಇದೆ. ಜರ್ಮನಿಯಲ್ಲಿ ಹುಟ್ಟಿದ ಜಿ.ಎಚ್. ಕೃಂಬಿಗಲ್ ಎಂಬವರು 1908ರಲ್ಲಿ ಬೆಂಗಳೂರಿಗೆ ಬಂದು 1932ರವರೆಗೆ ಲಾಲ್‌ಬಾಗಿನ ಜವಾಬ್ದಾರಿ ಹೊತ್ತಿದ್ದರು. ವರ್ಷದ ಎಲ್ಲ ಕಾಲದಲ್ಲೂ ಯಾವುದಾದರೊಂದು ಮರ ಹೂ ಬಿಟ್ಟಿರಬೇಕು ಎಂದು ಅವರು ಆಲೋಚಿಸಿ ಗಿಡ ನೆಡಿಸಿದರು. ಲಾಲ್‌ಬಾಗಿನ ಹತ್ತಿರ ಅವರ ಹೆಸರಿನ ರಸ್ತೆಯೇ ಇದೆ. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟರು.

ಇನ್ನೊಂದು ವಿಷಯ. ಟಬೂಬಿಯಾ, ಜಕರಂಡ ಇವು ಅಮೆರಿಕ ಖಂಡದ ಕಡೆಯಿಂದ ಬಂದ ಮರಗಳು. ಗುಲ್‌ಮೊಹರ್ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದ್ದು. ಹೊರಗಿನಿಂದ ಬಂದವೇ, ಆದರೆ ನಮ್ಮ ಮಣ್ಣಿನಲ್ಲಿ ಬೇರು ಬಿಟ್ಟು, ನಮ್ಮ ಬಿಸಿಲಿಗೆ ತಕ್ಕ ಹಾಗೆ ಹೂ ಬಿಡುತ್ತವೆ. ಇಂಗ್ಲಿಷೂ ಹಾಗೇ. ಹೊರಗಿನಿಂದ ಬಂದ ಭಾಷೆ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನೆಡಬೇಕಾದದ್ದು ಮಗುವಿನ ಮನೆಮಾತಿನ ಮಣ್ಣಿನಲ್ಲಿ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು. 'ಶ್ರೀ' ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕ ಪ್ರಕಟಿಸಿದರು. ಶಾಲೆಯಲ್ಲಿ ವಸಂತ ಋತುವಿನ ಬಗ್ಗೆ ನೀವು ರಾಗವಾಗಿ ಹಾಡಿದ ಒಂದು ಪದ್ಯ ನೆನಪಿದೆಯೇ? ಅದು ನಾನೂರು ವರ್ಷಗಳ ಹಿಂದೆ ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಕವಿ ಬರೆದದ್ದು. ಶ್ರೀಯವರ ಕನ್ನಡದಲ್ಲಿ ಎಷ್ಟು ಸಹಜವಾಗಿದೆ ಅಂದರೆ ಅದು ಇಂಗ್ಲಿಷಿನಿಂದ ಬಂದದ್ದು ಅಂತ ನಮ್ಮಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಇಲ್ಲಿಗೆ ವಸಂತ ಹೀಗೆ ಬರಬಹುದಾದರೆ, ನಮ್ಮ ಬೀದಿಯ ವಸಂತವನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಯಾಕೆ ಹೇಳಬಾರದು?

ಇಂಗ್ಲಿಷ್ ಬೇಕು, ಹೆದರಿಕೆ ಬೇಡ

ಮಗುವಿಗೆ ಇಂಗ್ಲಿಷ್ ಬರಬೇಕು ಎಂಬ ನಿಮ್ಮ ಆಸೆ ತಪ್ಪಲ್ಲ. ಯಾರಾದರೂ ತಪ್ಪು ಅಂದರೆ ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ಕೇಳಿ! ನಮ್ಮ ಸರಕಾರಿ ಶಾಲೆಗಳಲ್ಲೂ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರು ಮಾಡಿದರು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆದರು. ಅದೇ ಹೊತ್ತಿನಲ್ಲಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಏನು ಹೇಳಿತು? ಸಾಧ್ಯವಿರುವ ಕಡೆಯೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮಗುವಿಗೆ ಮನೆಮಾತಿನಲ್ಲಿ ಪಾಠ ಹೇಳುವುದು ಒಳ್ಳೆಯದು ಎಂದಿತು. ಎರಡೂ ಒಂದಕ್ಕೊಂದು ವಿರುದ್ಧವಲ್ಲ. ಗೊತ್ತಿರುವ ಭಾಷೆಯ ಕೈ ಹಿಡಿದುಕೊಂಡೇ ಗೊತ್ತಿಲ್ಲದ ಭಾಷೆಯ ಕಡೆಗೆ ಹೋಗಬೇಕು, ಅಷ್ಟೇ.

ನಿಮ್ಮ ಮನೆಮಾತು ಕನ್ನಡವೇ ಆಗಬೇಕೆಂದಿಲ್ಲ. ತಾವರೆಕೆರೆ ಕಡೆಯ ಸಂಘದಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರು ಇದ್ದೀರಿ. ಯಾವ ಭಾಷೆಯಲ್ಲಿ ಮಗುವಿಗೆ ಲಾಲಿ ಹಾಡಿದಿರೋ ಆ ಭಾಷೆಯಲ್ಲೇ ಶುರು ಮಾಡಿ.

"ನಂಗೆ ಇಂಗ್ಲಿಷ್ ಬರಲ್ಲ" ಅನ್ನುತ್ತೀರಿ. ಇವತ್ತಿನ ಸಭೆಯಲ್ಲಿ ನೀವು ಆಡಿದ ಮಾತುಗಳನ್ನೇ ತೆಗೆದುಕೊಳ್ಳಿ. ಮೀಟಿಂಗ್, ಲೋನ್, ಪಾಸ್‌ಬುಕ್, ಬ್ಯಾಂಕ್, ಬಸ್ ಸ್ಟಾಪ್, ಗೇಟ್, ಲೇಟ್, ರೋಡ್, ಪಿಂಕ್, ಗ್ರೀನ್. ಇವೆಲ್ಲ ಏನು? ಹತ್ತು ಇಂಗ್ಲಿಷ್ ಶಬ್ದ ಬರುವವರಿಗೆ ಹನ್ನೊಂದನೆಯದು ಬರುವುದಿಲ್ಲವೇ? ಅಲ್ಲದೆ ನಾವು ನಿಮ್ಮನ್ನು ಟೀಚರ್ ಆಗಿ ಅನ್ನುತ್ತಿಲ್ಲ. ನಿಮ್ಮ ಕೆಲಸ ಪ್ರಶ್ನೆ ಕೇಳುವುದು. ನೀವು ನಿಮ್ಮ ಭಾಷೆಯಲ್ಲಿ ಕೇಳಿ, ಮಗು ಇಂಗ್ಲಿಷಿನಲ್ಲಿ ಹೇಳಲಿ. ಮಗುವಿಗೆ ಗೊತ್ತಿಲ್ಲದ ಶಬ್ದವನ್ನು ಸಂಘದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದವರ ಹತ್ತಿರವೋ ಪಕ್ಕದ ಮನೆಯ ದೊಡ್ಡ ಹುಡುಗಿಯ ಹತ್ತಿರವೋ ಕೇಳಿ ಬರೆಸಿಕೊಳ್ಳಿ.

ಮಕ್ಕಳು ಎಲ್ಲಿ ಎಡವುತ್ತಾರೆ?

ವ್ಯಾಕರಣ ಅಂದ ತಕ್ಷಣ ಹೆದರಬೇಡಿ. ಚಿಕ್ಕ ಮಕ್ಕಳಿಗೆ ಬೇಕಾದ ವ್ಯಾಕರಣ ಬಹಳ ಕಡಿಮೆ. ಕನ್ನಡಕ್ಕೂ ಇಂಗ್ಲಿಷಿಗೂ ವ್ಯತ್ಯಾಸ ಇರುವ ಕಡೆಯೇ ಮಕ್ಕಳು ಎಡವುತ್ತಾರೆ. ಆ ಐದಾರು ಜಾಗ ಗೊತ್ತಿದ್ದರೆ ಸಾಕು.

1. ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ಕನ್ನಡದಲ್ಲಿ 'ಮ' ಅಂತ ಬರೆದರೆ ಓದುವುದೂ 'ಮ'. ಇಂಗ್ಲಿಷಿನಲ್ಲಿ ಹೆಸರು 'ಬಿ', ಶಬ್ದದ ಒಳಗೆ ಹೋದಾಗ ಸದ್ದು ಬರೀ 'ಬ್'. ಎ, ಬಿ, ಸಿ, ಡಿ ಪೂರ್ತಿ ಬಂದರೂ ಓದಲು ಬಾರದ ಮಕ್ಕಳು ಇರುವುದು ಇದಕ್ಕೇ. ಆದ್ದರಿಂದ ಸದ್ದು ಕೂಡಿಸಿ ಓದಿಸಿ. ಬ್, ಅ, ಡ್ ಸೇರಿದರೆ 'ಬಡ್', ಅಂದರೆ ಮೊಗ್ಗು. ಸ್, ಅ, ನ್ ಸೇರಿದರೆ 'ಸನ್', ಸೂರ್ಯ. ರ್, ಎ, ಡ್ ಸೇರಿದರೆ 'ರೆಡ್', ಕೆಂಪು. 'ನೆಸ್ಟ್' ಅಂದರೆ ಗೂಡು. ಇಂಥ ಚಿಕ್ಕ ಶಬ್ದಗಳಿಂದ ಶುರು ಮಾಡಿ. 'ಸ್ಪ್ರಿಂಗ್' ಎಂಬ ಶಬ್ದದಲ್ಲಿ ಮೊದಲಿಗೇ ಮೂರು ವ್ಯಂಜನ ಒಟ್ಟಿಗೆ ಇವೆ, ಅದು ಆಮೇಲೆ ಬರಲಿ.

2. 'ಈಸ್' ಮತ್ತು 'ಆರ್'. ನಾವು 'ಇದು ಹೂವು' ಅನ್ನುತ್ತೇವೆ. ಎರಡೇ ಮಾತು, ವಾಕ್ಯ ಮುಗಿಯಿತು. ತಮಿಳು, ತೆಲುಗಿನಲ್ಲೂ ಹೀಗೇ. ಅದಕ್ಕೇ ಮಗು 'ದಿಸ್ ಫ್ಲವರ್' ಅಂತ ನಿಲ್ಲಿಸಿಬಿಡುತ್ತದೆ. ಇಂಗ್ಲಿಷಿಗೆ ಅದು ಸಾಲದು, 'ದಿಸ್ ಈಸ್ ಎ ಫ್ಲವರ್' ಅನ್ನಬೇಕು. ಒಂದಕ್ಕಿಂತ ಹೆಚ್ಚಿದ್ದರೆ 'ದೀಸ್ ಆರ್ ಫ್ಲವರ್ಸ್'. ಮಗುವಿಗೆ ಬಯ್ಯಬೇಡಿ, "ನಡುವೆ ಒಂದು ಮಣಿ ಬಿಟ್ಟುಹೋಯ್ತಲ್ಲ ಪುಟ್ಟಾ" ಅನ್ನಿ. ಸರದಲ್ಲಿ ಮಣಿ ಪೋಣಿಸುವ ಹಾಗೆ ಅದೇ ಸೇರಿಸುತ್ತದೆ.

3. ಒಂದು, ಎರಡು. 'ಒಂದು ಎಲೆ, ಎರಡು ಎಲೆ' ಅಂದರೆ ಕನ್ನಡದಲ್ಲಿ ತಪ್ಪಿಲ್ಲ, 'ಎಲೆಗಳು' ಅನ್ನಲೇಬೇಕೆಂದಿಲ್ಲ. ಇಂಗ್ಲಿಷಿನಲ್ಲಿ ಎರಡಾದ ಕೂಡಲೇ ಶಬ್ದ ಬದಲಾಗಬೇಕು. ಒನ್ ಫ್ಲವರ್, ಟೂ ಫ್ಲವರ್ಸ್. ಒನ್ ಟ್ರೀ, ಟೂ ಟ್ರೀಸ್. ಕೆಲವು ಸ್ವಲ್ಪ ಬೇರೆ: ಒನ್ ಲೀಫ್, ಟೂ ಲೀವ್ಸ್. ಮರದ ಕೆಳಗೆ ಉದುರಿದ ಹೂವನ್ನು ಮಗುವಿನ ಕೈಯಲ್ಲಿ ಆರಿಸಿ, ಎಣಿಸಿ ಹೇಳಿಸಿ. ಲೆಕ್ಕವೂ ಬಂತು, ವ್ಯಾಕರಣವೂ ಬಂತು, ಒಂದು ಪೈಸೆ ಖರ್ಚಿಲ್ಲ.

4. ಮಾತಿನ ಜಾಗ. 'ನಾನು ಮರ ನೋಡುತ್ತೇನೆ.' ಇಲ್ಲಿ ನೋಡುವ ಕೆಲಸ ಕೊನೆಗೆ ಬಂತು. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: 'ಐ ಸೀ ಎ ಟ್ರೀ'. ಇದನ್ನು ಆಟ ಮಾಡಿ. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಒಬ್ಬ 'ನಾನು', ಇನ್ನೊಬ್ಬ 'ಮರ', ಮತ್ತೊಬ್ಬ 'ನೋಡುತ್ತೇನೆ'. "ಈಗ ಇಂಗ್ಲಿಷ್!" ಅಂದ ಕೂಡಲೇ ಕೊನೆಯವನು ಓಡಿ ನಡುವೆ ಬಂದು ನಿಲ್ಲಬೇಕು. ಒಂದು ಸಲ ಓಡಿದ ಮಗು ಮತ್ತೆ ಮರೆಯುವುದಿಲ್ಲ.

5. ಮೇಲೆ, ಕೆಳಗೆ, ಒಳಗೆ. ನಾವು 'ಮರದ ಕೆಳಗೆ' ಅನ್ನುತ್ತೇವೆ, ಮರ ಮೊದಲು. ಇಂಗ್ಲಿಷಿನಲ್ಲಿ ಕೆಳಗೆ ಅನ್ನುವುದೇ ಮೊದಲು: 'ಅಂಡರ್ ದಿ ಟ್ರೀ'. ಅಡುಗೆ ಮನೆಯ ಒಂದು ಸ್ಟೀಲ್ ಡಬ್ಬ, ಒಂದು ಹೂವು ಸಾಕು. ಹೂವು ಡಬ್ಬದ ಒಳಗಿದ್ದರೆ 'ಇನ್', ಮುಚ್ಚಳದ ಮೇಲಿದ್ದರೆ 'ಆನ್', ಡಬ್ಬದ ಕೆಳಗಿದ್ದರೆ 'ಅಂಡರ್'. ನೀವು ಹೂವು ಇಡಿ, ಮಗು ಹೇಳಲಿ. ಆಮೇಲೆ ಮಗು ಇಡಲಿ, ನೀವು ಹೇಳಿ.

6. ಇದೆ, ಇತ್ತು. ಟಬೂಬಿಯಾ ಮರ ಇದನ್ನು ತಾನೇ ಕಲಿಸುತ್ತದೆ. ಹೂ ಬಿಟ್ಟಿರುವಾಗ 'ಟುಡೇ ದಿ ಟ್ರೀ ಈಸ್ ಪಿಂಕ್'. ಕೆಲವು ವಾರದ ಹಿಂದೆ ಅದು ಹಸಿರಾಗಿತ್ತು: 'ಇಟ್ ವಾಸ್ ಗ್ರೀನ್'. ಇದೆ ಅಂದರೆ ಈಸ್, ಇತ್ತು ಅಂದರೆ ವಾಸ್. ಒಂದೇ ಮರವನ್ನು ವಾರಕ್ಕೊಮ್ಮೆ ನೋಡಿ ಹೇಳಿಸಿದರೆ ಸಾಕು.

ದಿನಕ್ಕೆ ಹದಿನೈದು ನಿಮಿಷ

"ನಮಗೆ ಟೈಮ್ ಎಲ್ಲಿದೆ ಸಿಸ್ಟರ್?" ಅಂತ ಕೇಳುತ್ತೀರಿ, ನಮಗೆ ಗೊತ್ತು. ಐದು ಗಂಟೆಗೆ ಎದ್ದು, ನಾಲ್ಕು ಮನೆ ಕೆಲಸ ಮುಗಿಸಿ, ಮತ್ತೆ ಮನೆಗೆ ಬಂದು ಒಲೆ ಹಚ್ಚುವವರು ನೀವು. ಅದಕ್ಕೇ ಬೇರೆ ಟೈಮ್ ಕೇಳುವುದಿಲ್ಲ. ಮಗುವನ್ನು ಶಾಲೆಗೆ ಬಿಡುವ ದಾರಿ, ಹೂವು ಕಟ್ಟುವ ಹೊತ್ತು, ಸೊಪ್ಪು ಬಿಡಿಸುವ ಹೊತ್ತು ಇದೆಯಲ್ಲ, ಅಷ್ಟೇ ಸಾಕು.

ಸೋಮವಾರ ದಾರಿಯಲ್ಲಿ ಒಂದು ಮರ ಆರಿಸಿಕೊಳ್ಳಿ. ಇಡೀ ವಾರ ಅದೇ ನಿಮ್ಮ ಮರ. ಅದರ ಬಗ್ಗೆ ಕನ್ನಡದಲ್ಲೇ ಮಾತಾಡಿ: ಎಲೆ ಯಾವ ಬಣ್ಣ, ಹೂ ಇದೆಯಾ, ಯಾವ ಹಕ್ಕಿ ಬಂತು? ಮಂಗಳವಾರ ಐದು ಶಬ್ದ ಇಂಗ್ಲಿಷಿನಲ್ಲಿ: ಟ್ರೀ, ಲೀಫ್, ಬಡ್, ಫ್ಲವರ್, ನೆಸ್ಟ್. ಬುಧವಾರ ಎಣಿಸುವುದು. ಗುರುವಾರ 'ಈಸ್, ಆರ್' ಸೇರಿಸಿ ವಾಕ್ಯ. ಶುಕ್ರವಾರ ಡಬ್ಬದ ಆಟ. ಶನಿವಾರ ಮಗು ಮೂರೇ ಮೂರು ವಾಕ್ಯ ಬರೆದು, ಪಕ್ಕದಲ್ಲಿ ಚಿತ್ರ ಬಿಡಿಸಲಿ. ಭಾನುವಾರ ಅದನ್ನು ಗಟ್ಟಿಯಾಗಿ ಮನೆಯವರೆಲ್ಲರ ಎದುರಿಗೆ ಓದಲಿ. ಅಪ್ಪನೂ ಕೂತು ಕೇಳಬೇಕು, ಅದೂ ಪಾಠದ ಭಾಗವೇ.

ರಜೆಯ ದಿನ ಸಾಧ್ಯವಾದರೆ ಲಾಲ್‌ಬಾಗಿಗೋ ಹತ್ತಿರದ ಪಾರ್ಕಿಗೋ ಕರೆದುಕೊಂಡು ಹೋಗಿ. ಅಲ್ಲಿ ಕೆಲವು ಮರಗಳಿಗೆ ಹೆಸರಿನ ಫಲಕ ಇರುತ್ತದೆ, ಓದಿಸಿ. ಕೋಗಿಲೆ ಕಂಡರೆ ಅದರ ಕಥೆ ಹೇಳಿ: ಹಾಡುವುದು ಗಂಡು, ಕಪ್ಪು ಬಣ್ಣ. ಹೆಣ್ಣು ಕಂದು ಬಣ್ಣ, ಮೈಮೇಲೆ ಚುಕ್ಕಿ. ಅದು ತಾನು ಗೂಡು ಕಟ್ಟದೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಇಂಥ ಕಥೆ ಕೇಳಿದ ಮಗುವಿಗೆ 'ನೆಸ್ಟ್' ಮತ್ತು 'ಎಗ್' ಎಂಬ ಶಬ್ದಗಳನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಓದುವುದಕ್ಕೆ ಪುಸ್ತಕ ಬೇಕಲ್ಲ ಅಂದರೆ, 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಪ್ರಥಮ್ ಬುಕ್ಸ್ ಎಂಬ ಸಂಸ್ಥೆ ಕಡಿಮೆ ಬೆಲೆಗೆ ಮಕ್ಕಳ ಕಥೆ ಪುಸ್ತಕ ಹೊರತರುತ್ತದೆ. 2015ರಿಂದ ಅವರ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡ, ಇಂಗ್ಲಿಷ್ ಮತ್ತು ಇತರ ಭಾಷೆಗಳ ಕಥೆಗಳನ್ನು ಮೊಬೈಲಿನಲ್ಲಿ ಹಣ ಕೊಡದೆ ಓದಬಹುದು. ಒಂದೇ ಕಥೆಯನ್ನು ಮೊದಲು ನೀವು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಮಗು ಇಂಗ್ಲಿಷಿನಲ್ಲಿ ಓದಲಿ. ಕಥೆ ಮೊದಲೇ ಗೊತ್ತಿರುವುದರಿಂದ ಅರ್ಥ ಹುಡುಕುವ ಕಷ್ಟ ಇರುವುದಿಲ್ಲ.

ಶಾಲೆಯ ಹಾಳೆಯನ್ನು ಏನು ಮಾಡುವುದು?

ಶಾಲೆಯಲ್ಲಿ ಹಿಮ, ರಾಬಿನ್ ಅಂತಲೇ ಕೇಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆಯಬೇಕು. ಹಾಗಾಗಿ ಅದನ್ನೂ ಕಲಿಯಲಿ, ಆದರೆ ಅರ್ಥ ತಿಳಿದು ಕಲಿಯಲಿ. "ಇದು ಇಂಗ್ಲೆಂಡ್ ದೇಶದ ವಸಂತ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತೆ. ಆಲಿಕಲ್ಲು ನೋಡಿದ್ದೀಯಲ್ಲ, ಅದು ಗಟ್ಟಿ, ಹಿಮ ಹತ್ತಿಯ ಹಾಗೆ ಮೆತ್ತಗೆ" ಅಂತ ಹೇಳಿ. ಹೋಲಿಸಿ ನೋಡುವ ಮಗುವಿಗೆ ಎರಡು ದೇಶವೂ ತಿಳಿಯುತ್ತದೆ. ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಒಂದು ಕ್ಲಾಸಿನಲ್ಲಿ ಅಷ್ಟು ಮಕ್ಕಳನ್ನು ಇಟ್ಟುಕೊಂಡು ಅವರೂ ಒದ್ದಾಡುತ್ತಿರುತ್ತಾರೆ. ಪೋಷಕರ ಸಭೆಗೆ ತಪ್ಪದೆ ಹೋಗಿ, "ಮೇಡಂ, ನಮ್ಮ ಮಗು ನಮ್ಮ ಬೀದಿ ಮರದ ಬಗ್ಗೆ ಬರೆದಿದೆ, ಸ್ವಲ್ಪ ನೋಡಿ" ಅಂತ ವಿನಯವಾಗಿ ತೋರಿಸಿ. ತಲೆ ತಗ್ಗಿಸಿ ಹಿಂದಿನ ಬೆಂಚಿನಲ್ಲಿ ಕೂರಬೇಡಿ.

ಮಾಡಬಾರದ್ದನ್ನೂ ಹೇಳಿಬಿಡುತ್ತೇವೆ. ತಪ್ಪಾಯಿತೆಂದು ಮಗುವಿಗೆ ಹೊಡೆಯಬೇಡಿ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ. ಮನೆಯಲ್ಲಿ ಕನ್ನಡ ಮಾತಾಡಬೇಡ ಅನ್ನಬೇಡಿ. ಒಂದನೇ, ಎರಡನೇ ತರಗತಿಯ ಇಂಗ್ಲಿಷಿಗಾಗಿ ಸಾಲ ಮಾಡುವ ಮೊದಲು ಮೂರು ತಿಂಗಳು ಇದನ್ನು ಮಾಡಿ ನೋಡಿ. ಮಗುವಿಗೆ ಕಣ್ಣು ಸರಿಯಾಗಿ ಕಾಣದೆ, ಕಿವಿ ಸರಿಯಾಗಿ ಕೇಳದೆ ಓದು ಹಿಂದೆ ಬಿದ್ದಿರಬಹುದು, ಅದನ್ನು ಡಾಕ್ಟರ ಹತ್ತಿರ ತೋರಿಸಿ. ಅದಕ್ಕೆ ಸಾಲ ಬೇಕಾದರೆ ಸಂಘ ಖಂಡಿತ ಕೊಡಲಿ.

ಸಂಘ ಏನು ಮಾಡಬಹುದು?

ಒಬ್ಬರಿಗೆ ಕಷ್ಟವಾದದ್ದನ್ನು ಹತ್ತು ಜನ ಸೇರಿ ಮಾಡುವುದೇ ಸಂಘ. ಪ್ರತಿ ವಾರದ ಸಭೆಗೆ ಮಕ್ಕಳೂ ಬರುತ್ತಾರಲ್ಲ, ಮೊದಲ ಹತ್ತು ನಿಮಿಷ ಅವರಿಗೆ ಕೊಡಿ. ತಾವು ಬರೆದ ಮೂರು ವಾಕ್ಯವನ್ನು ಅವರು ನಿಂತು ಓದಲಿ, ನಾವೆಲ್ಲ ಚಪ್ಪಾಳೆ ತಟ್ಟೋಣ. ಒಂದು ಹಳೇ ಪೆಟ್ಟಿಗೆಯಲ್ಲಿ ಹತ್ತು ಪುಸ್ತಕ ಇಟ್ಟು, ಉಳಿತಾಯದ ಪುಸ್ತಕದ ಹಾಗೆ ಲೆಕ್ಕ ಬರೆದು ಮನೆಮನೆಗೆ ಕೊಡಿ. ಓದಿದ ಹುಡುಗಿಯೊಬ್ಬಳು ನಿಮ್ಮ ವಠಾರದಲ್ಲಿದ್ದರೆ ವಾರಕ್ಕೆ ಒಂದು ಗಂಟೆ ಮಕ್ಕಳನ್ನು ಕೂರಿಸಿಕೊಳ್ಳಲು ಕೇಳಿ. ಅವಳಿಗೆ ಸಂಘದಿಂದ ಏನಾದರೂ ಸಣ್ಣ ಗೌರವಧನ ಕೊಟ್ಟರೂ ಹತ್ತು ಮನೆಯ ಟ್ಯೂಷನ್ ಫೀಸಿಗಿಂತ ಕಡಿಮೆಯೇ ಆಗುತ್ತದೆ.

ಮತ್ತೆ ಆ ಹುಡುಗ

ಆ ಸಹೋದರಿಯ ಕಥೆ ಹೇಳಿ ಮುಗಿಸುತ್ತೇವೆ. ಅವರ ಸಂಘದವರು ಕೂತು ಮಾತಾಡಿ, "ಟ್ಯೂಷನ್ ಮೂರು ತಿಂಗಳು ನಿಲ್ಲಿಸು, ಮೆಷಿನ್ ತಗೋ" ಅಂತ ತೀರ್ಮಾನ ಮಾಡಿದರು. ಅವರಿಗೆ ಮನಸ್ಸಿನಲ್ಲಿ ಅಳುಕಿತ್ತು. ಆದರೂ ಒಪ್ಪಿದರು. ವಠಾರದ ಮುಂದಿನ ಗುಲಾಬಿ ಹೂವಿನ ಮರವನ್ನೇ ತಾಯಿ ಮಗ ಆರಿಸಿಕೊಂಡರು.

ಆ ಹುಡುಗನ ಮಾರ್ಕ್ಸ್ ಒಂದೇ ಸಲಕ್ಕೆ ಆಕಾಶಕ್ಕೇನೂ ಏರಲಿಲ್ಲ, ಸುಳ್ಳು ಹೇಳುವುದಿಲ್ಲ. ಇವತ್ತಿಗೂ ಕಾಗುಣಿತ, ಸ್ಪೆಲ್ಲಿಂಗ್ ಎರಡರಲ್ಲೂ ತಪ್ಪು ಮಾಡುತ್ತಾನೆ. ಆದರೆ ಈ ತಿಂಗಳ ಮೊದಲ ವಾರ ನಾವು ಅವರ ಮನೆಗೆ ಹೋದಾಗ ತಾಯಿ ಮೆಷಿನ್ ತುಳಿಯುತ್ತಿದ್ದರು, ಮಗ ಬಾಗಿಲಲ್ಲಿ ಕೂತು ಗಟ್ಟಿಯಾಗಿ ತನ್ನ ಬರಹ ಓದುತ್ತಿದ್ದ. ಮರ ಪಿಂಕ್ ಆಗಿದೆ, ಅದರ ಮೇಲೆ ಹಕ್ಕಿ ಇದೆ ಅಂತೆಲ್ಲ ಇಂಗ್ಲಿಷಿನಲ್ಲಿ ಓದಿ, ಕೊನೆಗೆ 'ಐ ಹ್ಯಾವ್ ಟೂ ಫ್ಲವರ್' ಅಂದ.

ಮೆಷಿನ್ ನಿಂತಿತು. ಏಳನೇ ಕ್ಲಾಸು ಓದಿದ ಆ ತಾಯಿ ತಲೆ ಎತ್ತದೆ ಹೇಳಿದರು: "ಎರಡಿದ್ರೆ ಕೊನೇಲಿ 'ಸ್' ಬೇಕು ಕಣೋ, ಫ್ಲವರ್ಸ್ ಅನ್ನು."

ಮಗು ತಿದ್ದಿಕೊಂಡು ಓದಿತು. ಮೆಷಿನ್ ಮತ್ತೆ ಶುರುವಾಯಿತು.

ಸಹೋದರಿಯರೇ, ನಾಳೆ ಬೆಳಗ್ಗೆ ಮಗುವಿನ ಕೈ ಹಿಡಿದು ಹೊರಟಾಗ ಒಂದು ನಿಮಿಷ ನಿಂತು ಮರ ತೋರಿಸಿ. ಪಾಠ ಅಲ್ಲಿಂದಲೇ ಶುರು. ಯುಗಾದಿಯ ಬೇವು ಬೆಲ್ಲ, ಈಸ್ಟರಿನ ಹೊಸ ಬದುಕು, ರಂಜಾನಿನ ಪ್ರಾರ್ಥನೆ ಎಲ್ಲವೂ ನಿಮ್ಮ ಮನೆಗಳಿಗೆ ಒಳಿತನ್ನೇ ತರಲಿ. ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.